ಹಳೆಯ ಪೈಥಾನಿನ ಬಾಡಿಗೆ ಯಾರು ಕಟ್ಟಬೇಕು?

ಒಂದು ಶುಕ್ರವಾರ ರಾತ್ರಿ ನಮ್ಮ ಪುಟ್ಟ ಲೈಬ್ರರಿಯ ಹೊಸ ಆವೃತ್ತಿಯನ್ನು ಬಿಡುಗಡೆ ಮಾಡಿ ಮಲಗಿದ್ದೆವು. ನಾವು ಎಂದರೆ ಮೂವರು: ಪುಣೆಯಲ್ಲಿ ನಾನು, ಚೆನ್ನೈಯಲ್ಲಿ ಒಬ್ಬ ಗೆಳೆಯ, ಹೈದರಾಬಾದಿನಲ್ಲಿ ಒಬ್ಬ ಗೆಳತಿ. ಸ್ಕ್ಯಾನ್ ಮಾಡಿದ ಹಳೆಯ ಕನ್ನಡ ಪುಸ್ತಕಗಳಿಂದ ಬರುವ ಗೋಜಲು ಪಠ್ಯವನ್ನು ಶುಚಿ ಮಾಡಿಕೊಡುವ ಪೈಥಾನ್ ಲೈಬ್ರರಿ ಅದು. ಸಂಬಳವಿಲ್ಲ, ಪ್ರಾಯೋಜಕರಿಲ್ಲ, ಮಕ್ಕಳು ಮಲಗಿದ ಮೇಲೆ ಸಿಗುವ ಹೊತ್ತಿನಲ್ಲಿ ನಡೆಯುವ ಕೆಲಸ. ಬೆಳಿಗ್ಗೆ ಎದ್ದು ನೋಡಿದರೆ ದೊಡ್ಡ ಕಂಪನಿಯೊಂದರ ಎಂಜಿನಿಯರಿಂದ ಸಂದೇಶ. ನಮ್ಮ ಸರ್ವರುಗಳಲ್ಲಿ ಇರುವುದು ಪೈಥಾನ್ 3.6, ನೀವು ಅದನ್ನು ಕೈಬಿಟ್ಟಿದ್ದೀರಿ, ಹೊಸ ಬಿಡುಗಡೆಯ ತಿದ್ದುಪಡಿಗಳು ನಮಗೂ ಬೇಕು, ಸೋಮವಾರದೊಳಗೆ 3.6ಕ್ಕೆ ಬೆಂಬಲ ವಾಪಸ್ ತನ್ನಿ, ಹೀಗೆ ಮಾಡುವುದು ಬೇಜವಾಬ್ದಾರಿ. ಇದು ಅದರ ಸಾರಾಂಶ.

ಪೈಥಾನ್ 3.6 ಹುಟ್ಟಿದ್ದು 2016ರ ಡಿಸೆಂಬರಿನಲ್ಲಿ. ಅದನ್ನು ಹೆತ್ತವರೇ ಐದು ವರ್ಷ ಸಾಕಿ, 2021ರ ಡಿಸೆಂಬರಿನಲ್ಲಿ ಇನ್ನು ಭದ್ರತಾ ತಿದ್ದುಪಡಿಯನ್ನೂ ಕೊಡುವುದಿಲ್ಲ ಎಂದು ಕೈತೊಳೆದುಕೊಂಡರು. ಹೆತ್ತವರು ಕೈಬಿಟ್ಟ ಕೂಸನ್ನು ಸೋಮವಾರದೊಳಗೆ ದತ್ತು ತೆಗೆದುಕೊಳ್ಳಿ ಎಂದು ಮೂರು ಊರುಗಳ ಮೂವರು ಸಂಸಾರಸ್ಥರಿಗೆ ಬಂದ ಆದೇಶ ಇದು.

ಸಿಟ್ಟು ಬಂತು. ಸಿಟ್ಟಿನ ಹಿಂದೆಯೇ ನಾಚಿಕೆಯೂ ಬಂತು. ಏಕೆಂದರೆ ಕೆಲವು ವರ್ಷಗಳ ಹಿಂದೆ, ಹಳೆಯ ಸರ್ವರನ್ನು ಮುಟ್ಟಬೇಡ ಎಂದು ಮೇಲಿನವರು ತಾಕೀತು ಮಾಡಿದಾಗ, ನಾನೇ ಯಾರೋ ಅಪರಿಚಿತ ಮೇಂಟೇನರಿಗೆ ಇದೇ ಧಾಟಿಯಲ್ಲಿ ಬರೆದಿದ್ದೆ. ಆದ್ದರಿಂದ ಈ ಲೇಖನ ಅವರ ಮೇಲಷ್ಟೇ ಅಲ್ಲ, ನನ್ನ ಮೇಲೂ.

ನನ್ನ ವಾದ ಇಷ್ಟು. ಓಪನ್ ಸೋರ್ಸ್ ಯೋಜನೆಯೊಂದು ಯಾವ ಯಾವ ಆವೃತ್ತಿಗಳ ಜೊತೆ ಕೆಲಸ ಮಾಡಬೇಕು ಎಂಬುದನ್ನು ಗಟ್ಟಿಯಾಗಿ ಕೂಗುವವರು ತೀರ್ಮಾನಿಸಬಾರದು. ಮೇಂಟೇನರಿನ ಆ ದಿನದ ಲಹರಿಯೂ ತೀರ್ಮಾನಿಸಬಾರದು. ಮೊದಲೇ ಬರೆದು ಎಲ್ಲರಿಗೂ ಕಾಣುವಂತೆ ತೂಗುಹಾಕಿದ ಕ್ಯಾಲೆಂಡರ್ ತೀರ್ಮಾನಿಸಬೇಕು. ಅದರಲ್ಲಿ ಬರೆದ ದಿನಾಂಕ ದಾಟಿದ ಮೇಲೂ ಬೇಕು ಎನ್ನುವವರು ಹಣ ಕೊಡಲಿ, ಇಲ್ಲವೇ ದುಡಿಮೆ ಕೊಡಲಿ.

ಬೆಂಬಲ ಎಂದರೆ ಏನು?

ಈ ಕಸುಬಿನವರಲ್ಲದ ಓದುಗರಿಗಾಗಿ ಎರಡು ಮಾತು. ಇಂದು ಯಾವ ತಂತ್ರಾಂಶವೂ ಒಂಟಿಯಾಗಿ ನಿಲ್ಲುವುದಿಲ್ಲ. ಅದರ ಕೆಳಗೆ ಒಂದು ಭಾಷೆ ಇರುತ್ತದೆ, ಬೇರೆಯವರು ಬರೆದ ಹತ್ತಾರು ಲೈಬ್ರರಿಗಳಿರುತ್ತವೆ. ಇವನ್ನೇ ಡಿಪೆಂಡೆನ್ಸಿ ಎನ್ನುತ್ತೇವೆ. ಪ್ರತಿಯೊಂದಕ್ಕೂ ಹಳೆಯ, ಹೊಸ ಆವೃತ್ತಿಗಳಿವೆ. ಅವು ಒಂದರಂತೆ ಇನ್ನೊಂದು ನಡೆದುಕೊಳ್ಳುವುದಿಲ್ಲ.

ಈಗ ಲೆಕ್ಕ ಹಾಕಿ. ನನ್ನ ಲೈಬ್ರರಿ ಪೈಥಾನಿನ 5 ಆವೃತ್ತಿ, ನಂಪೈಯ 3 ಆವೃತ್ತಿ, 3 ಆಪರೇಟಿಂಗ್ ಸಿಸ್ಟಂಗಳಲ್ಲಿ ಓಡುತ್ತದೆ ಎಂದು ನಾನು ಘೋಷಿಸಿದರೆ 45 ಜೋಡಣೆಗಳಾದವು. ಎಲ್ಲರನ್ನೂ ಮೆಚ್ಚಿಸುತ್ತೇನೆಂದು ಪೈಥಾನನ್ನು 8ಕ್ಕೆ, ನಂಪೈಯನ್ನು 6ಕ್ಕೆ ಏರಿಸಿದರೆ 144. ಕೆಲವು ಜೋಡಣೆಗಳು ಆಗುವುದೇ ಇಲ್ಲ ಎಂದು ಕಳೆದರೂ ಉಳಿಯುವುದು ಕಮ್ಮಿಯೇನಲ್ಲ. ಪ್ರತಿ ಬದಲಾವಣೆಗೂ ಇಷ್ಟನ್ನೂ ಓಡಿಸಿ ನೋಡಬೇಕು. ಎಲ್ಲೋ ಒಂದು ಮೂಲೆಯಲ್ಲಿ ಮುರಿದರೆ ಕೂತು ಕಾರಣ ಹುಡುಕಬೇಕು. 'ಒಂದೇ ಒಂದು ಹಳೆಯ ಆವೃತ್ತಿ ಸೇರಿಸಿ ಸಾಕು' ಎನ್ನುವವರಿಗೆ ಅದು ಕೂಡುವ ಲೆಕ್ಕವಾಗಿ ಕಾಣುತ್ತದೆ. ನಮಗೆ ಅದು ಗುಣಿಸುವ ಲೆಕ್ಕ.

ಪರೀಕ್ಷಿಸದೆ ಸುಮ್ಮನೆ ಬರೆದುಬಿಟ್ಟರೆ? ಬಹಳ ಯೋಜನೆಗಳು ಮಾಡುವುದು ಅದನ್ನೇ. 'ನಂಪೈ 1.16 ಅಥವಾ ಮೇಲಿನದು' ಎಂದು ಯಾವಾಗಲೋ ಬರೆದಿರುತ್ತಾರೆ. ಪರೀಕ್ಷೆ ಮಾತ್ರ ಪ್ರತಿ ಸಲ ಮಾರುಕಟ್ಟೆಗೆ ಬಂದ ಹೊಚ್ಚ ಹೊಸ ನಂಪೈಯ ಮೇಲೆ ನಡೆಯುತ್ತದೆ. 1.16ರಲ್ಲಿ ಓಡುತ್ತದೆಯೇ ಎಂದು ವರ್ಷಗಟ್ಟಲೆ ಯಾರೂ ನೋಡಿರುವುದಿಲ್ಲ. ಅದನ್ನು ಬೆಂಬಲ ಎನ್ನಲಾಗದು, ಸುಳ್ಳು ಎನ್ನಬೇಕು. ಹೇಳಿದ ಅತಿ ಕೆಳಗಿನ ಆವೃತ್ತಿಯನ್ನೇ ಹಾಕಿ ಪರೀಕ್ಷಿಸುವ ಸೌಕರ್ಯ ಯುವಿಯಂಥ ಸಲಕರಣೆಗಳಲ್ಲಿ ಈಗ ಇದೆ. ಒಮ್ಮೆ ಓಡಿಸಿ ನೋಡಿ. ನಿಮ್ಮ ಯೋಜನೆಯ ಎಷ್ಟು ಭರವಸೆಗಳು ಪೊಳ್ಳು ಎಂದು ಹತ್ತು ನಿಮಿಷದಲ್ಲಿ ಗೊತ್ತಾಗುತ್ತದೆ. ನಮ್ಮದರಲ್ಲೂ ಗೊತ್ತಾಯಿತು.

ಹಳೆಯದನ್ನು ಹೊರುವ ಬೆಲೆ

ಹಳೆಯದನ್ನು ಇಟ್ಟುಕೊಂಡರೆ ಹೊಸದಕ್ಕೇನು ನಷ್ಟ ಎಂದು ಕೇಳುತ್ತಾರೆ. ಕನ್ನಡದ್ದೇ ಉದಾಹರಣೆ ಕೊಡುತ್ತೇನೆ.

ಹಳೆಯ ಬರಹಗಳಲ್ಲಿ ಸ್ವರವಿಲ್ಲದ ನಕಾರಕ್ಕೆ ಬಳಸುತ್ತಿದ್ದ 'ನಕಾರ ಪೊಲ್ಲು' ಎಂಬ ಅಕ್ಷರಕ್ಕೆ ಯೂನಿಕೋಡಿನಲ್ಲಿ ಜಾಗ ಸಿಕ್ಕಿದ್ದು 2021ರಲ್ಲಿ, 14.0ನೇ ಆವೃತ್ತಿಯಲ್ಲಿ. ಪೈಥಾನಿನ ಪ್ರತಿ ಆವೃತ್ತಿಯೂ ತನ್ನ ಕಾಲದ ಯೂನಿಕೋಡ್ ಪಟ್ಟಿಯನ್ನು ಹೊಟ್ಟೆಯಲ್ಲಿಟ್ಟುಕೊಂಡೇ ಹುಟ್ಟುತ್ತದೆ. ಪೈಥಾನ್ 3.11ರಲ್ಲಿರುವುದು ಯೂನಿಕೋಡ್ 14.0; ಅದಕ್ಕೆ ನಕಾರ ಪೊಲ್ಲು ಗೊತ್ತು. 3.6ರಲ್ಲಿರುವುದು 9.0; ಅದರ ಪಾಲಿಗೆ ಆ ಸ್ಥಾನ ಯಾರಿಗೂ ಹಂಚದ ಖಾಲಿ ಸೈಟು. ಇದು ಅಕ್ಷರವೇ ಎಂದು ಕೇಳಿದರೆ ಅಲ್ಲ ಎನ್ನುತ್ತದೆ, ಹೆಸರು ಕೇಳಿದರೆ ತಪ್ಪು ಎಂದು ಕೂಗಿ ನಿಲ್ಲುತ್ತದೆ. 2022ರ ಯೂನಿಕೋಡ್ 15.0 ಕನ್ನಡಕ್ಕೆ ಇನ್ನೊಂದು ಬಗೆಯ ಅನುಸ್ವಾರ ಚಿಹ್ನೆಯನ್ನು ಸೇರಿಸಿತು. ಅದನ್ನು ಗುರುತಿಸಲು ಪೈಥಾನ್ 3.12 ಬೇಕು.

ಈಗ ನಮ್ಮ ಲೈಬ್ರರಿ 3.6ರಲ್ಲೂ ಸರಿಯಾಗಿ ಓಡಬೇಕು ಎಂದರೆ ನಾವು ಒಂದು ಪ್ರತ್ಯೇಕ ಅಕ್ಷರಪಟ್ಟಿಯನ್ನು ಹೊತ್ತು ತಿರುಗಬೇಕು, ಭಾಷೆಯ ಸ್ವಂತ ಪಟ್ಟಿ ಇರುವ ಕಡೆ ಅದನ್ನು, ಇಲ್ಲದ ಕಡೆ ನಮ್ಮದನ್ನು ಬಳಸಬೇಕು, ಎರಡೂ ಒಂದೇ ಉತ್ತರ ಕೊಡುತ್ತವೆಯೇ ಎಂದು ಪ್ರತಿ ಸಲ ನೋಡಬೇಕು. ಆ ವಾರಾಂತ್ಯಗಳಲ್ಲಿ ನಾವು ಮಾಡಬಹುದಾಗಿದ್ದ ಕೆಲಸ ಬೇರೆಯಿತ್ತು: ಒತ್ತಕ್ಷರ ತಪ್ಪಾಗಿ ಓದುವ ದೋಷ ಸರಿಪಡಿಸುವುದು, ಹಳೆಯ ಮುದ್ರಣದ ರೇಫವನ್ನು ಹಿಡಿಯುವುದು. ಬೆಂಬಲದ ಪಟ್ಟಿಗೆ ಸೇರಿಸಿದ ಪ್ರತಿ ಹಳೆಯ ಆವೃತ್ತಿಯೂ ಮಾಡದೆ ಉಳಿದ ಇನ್ನೊಂದು ಕೆಲಸದಿಂದ ತನ್ನ ಬಾಡಿಗೆ ವಸೂಲು ಮಾಡುತ್ತದೆ. ಆ ಬಾಡಿಗೆ ಯಾರ ಕಣ್ಣಿಗೂ ಬೀಳುವುದಿಲ್ಲ. ಏಕೆಂದರೆ ನಡೆಯದೆ ಹೋದ ಕೆಲಸದ ಬಗ್ಗೆ ಯಾರೂ ದೂರು ಬರೆಯುವುದಿಲ್ಲ.

ಹಾಗೆ ಹೊತ್ತವರು ಕಷ್ಟಕಾಲದಲ್ಲಿ ಎಷ್ಟು ಹೊರಬೇಕಾಗುತ್ತದೆ ಎಂಬುದಕ್ಕೆ 2021ರ ಡಿಸೆಂಬರಿನ ಲಾಗ್4ಜೆ ಪ್ರಕರಣ ನೋಡಿ. ಜಾವಾ ಲೋಕದ ಮೂಲೆ ಮೂಲೆಯಲ್ಲಿ ಕೂತಿದ್ದ ಆ ಲೈಬ್ರರಿಯಲ್ಲಿ ಭಾರಿ ಭದ್ರತಾ ದೋಷ ಬಯಲಾಯಿತು. ಅಪಾಚೆಯ ಸ್ವಯಂಸೇವಕರು ಜಾವಾ 8 ಮತ್ತು ಮೇಲಿನವರಿಗೆ ತಿದ್ದುಪಡಿ ಕೊಟ್ಟು ಕೈತೊಳೆದುಕೊಳ್ಳಲಿಲ್ಲ. ಜಾವಾ 7ರಲ್ಲಿ ಉಳಿದವರಿಗಾಗಿ 2.12.2, ಜಾವಾ 6ರಲ್ಲಿ ಉಳಿದವರಿಗಾಗಿ 2.3.1 ಎಂಬ ಪ್ರತ್ಯೇಕ ಬಿಡುಗಡೆಗಳನ್ನೂ ಅದೇ ತಿಂಗಳು ಮಾಡಿದರು. ಒರಾಕಲ್ ಜಾವಾ 6ಕ್ಕೆ ಸಾರ್ವಜನಿಕ ತಿದ್ದುಪಡಿ ನಿಲ್ಲಿಸಿದ್ದು 2013ರಲ್ಲಿ, 7ಕ್ಕೆ 2015ರಲ್ಲಿ. ಭಾಷೆಯನ್ನು ಮಾರುವ ಕಂಪನಿ ಬಿಟ್ಟದ್ದನ್ನು ಸಂಬಳವಿಲ್ಲದವರು ಹೊತ್ತರು. ಅವರ ಔದಾರ್ಯಕ್ಕೆ ಕೈಮುಗಿಯೋಣ. ಆದರೆ ಔದಾರ್ಯವನ್ನು ಹಕ್ಕೆಂದು ತಿಳಿಯುವುದು ಬೇರೆ ಮಾತು.

ದುಡ್ಡು ಒಂದು ಕಡೆ, ದೂರು ಇನ್ನೊಂದು ಕಡೆ

ನಮಗೆ ಬರೆದ ಎಂಜಿನಿಯರ್ 3.6ಕ್ಕೆ ಯಾಕೆ ಅಂಟಿಕೊಂಡಿದ್ದರು? ಅವರ ಸರ್ವರುಗಳಲ್ಲಿದ್ದದ್ದು ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್ 8. 2019ರಲ್ಲಿ ಬಂದ ಅದರ ಮೂಲ ಪೈಥಾನ್ 3.6. ರೆಡ್ ಹ್ಯಾಟ್ ಅದನ್ನು 2029ರವರೆಗೆ ನೋಡಿಕೊಳ್ಳುತ್ತದೆ, ಭದ್ರತಾ ತಿದ್ದುಪಡಿಗಳನ್ನು ಹಳೆಯದಕ್ಕೆ ಹೊಲಿದುಕೊಡುತ್ತದೆ. ಪುಕ್ಕಟೆಯಾಗಿ ಅಲ್ಲ, ಅದಕ್ಕೆ ಚಂದಾ ಇದೆ. ಹತ್ತು ವರ್ಷ ಅಲುಗಾಡದ ನೆಮ್ಮದಿಯನ್ನು ಅವರ ಕಂಪನಿ ಹಣ ಕೊಟ್ಟು ಕೊಂಡಿದೆ. ಅದು ತಪ್ಪಲ್ಲ, ಒಳ್ಳೆಯ ವ್ಯಾಪಾರವೇ. ಆದರೆ ಆ ವ್ಯಾಪಾರದಲ್ಲಿ ನಾವು ಮೂವರು ಎಲ್ಲೂ ಇಲ್ಲ. ನೆಮ್ಮದಿಯ ಬಿಲ್ಲು ಒಬ್ಬರಿಗೆ ಕಟ್ಟಿ, ದುಡಿಮೆಯನ್ನು ಇನ್ನೊಬ್ಬರ ಹತ್ತಿರ ಕೇಳುವುದು ಯಾವ ನ್ಯಾಯ? 'ಪುಕ್ಕಟೆ ಸಿಕ್ಕರೆ ನನಗೊಂದು, ನಮ್ಮಪ್ಪನಿಗೊಂದು' ಎಂಬ ಗಾದೆ ಸರ್ವರ್ ರೂಮಿಗೂ ಅನ್ವಯಿಸುತ್ತದೆ.

ಇನ್ನೂ ತಮಾಷೆಯ ಸಂಗತಿಯಿದೆ. ಅದೇ ರೆಡ್ ಹ್ಯಾಟ್ 8ರಲ್ಲಿ ಪೈಥಾನ್ 3.11 ಮತ್ತು 3.12 ಕೂಡ ಸಿಗುತ್ತವೆ. ಹಳೆಯದನ್ನು ಕದಲಿಸದೆ ಪಕ್ಕದಲ್ಲೇ ಕೂರಿಸಿಕೊಳ್ಳಬಹುದು. ಒಂದು ಸಾಲಿನ ಆಜ್ಞೆ ಸಾಕು. ನಾನು ಇದನ್ನು ತಿಳಿಸಿದಾಗ ಬಂದ ಉತ್ತರ: 'ಅದಕ್ಕೆ ಅನುಮತಿ ಪಡೆಯಲು ಮೂರು ತಿಂಗಳು ಬೇಕು.' ನನಗೆ ಅರ್ಥವಾಯಿತು, ನಾನೂ ಅಂಥ ಕಚೇರಿಯಲ್ಲೇ ದುಡಿಯುವವನು. ತಮ್ಮ ಮ್ಯಾನೇಜರಿಗೆ ಒಂದು ಪತ್ರ ಬರೆಯುವುದಕ್ಕಿಂತ ಅಪರಿಚಿತನಿಗೆ ಗದರುವುದು ಸುಲಭ. ಆದರೆ ಸುಲಭ ಎಂಬ ಕಾರಣಕ್ಕೆ ಅದು ಸರಿಯಾಗುವುದಿಲ್ಲ.

ಗದರುವಿಕೆಗೆ ಇನ್ನೊಂದು ಮುಖವೂ ಇದೆ, ಅದು ಅಪಾಯದ್ದು. ಎಕ್ಸ್‌ಝಡ್ ಎಂಬ ಸಂಕುಚನ ತಂತ್ರಾಂಶವನ್ನು ವರ್ಷಗಳಿಂದ ಬಹುತೇಕ ಒಬ್ಬರೇ ನೋಡಿಕೊಳ್ಳುತ್ತಿದ್ದರು. ಕೆಲಸ ನಿಧಾನ, ಬಿಡುಗಡೆ ತಡ ಎಂದು ಅವರ ಮೇಲೆ ಒತ್ತಡದ ಪತ್ರಗಳು ಬಂದವು. ಸುಸ್ತಾದ ಅವರು ಸಹಾಯಕ್ಕೆ ಮುಂದೆ ಬಂದ ಒಬ್ಬರಿಗೆ ಅಧಿಕಾರ ಹಂಚಿಕೊಟ್ಟರು. ಆ ಸಹಾಯಕ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಹಿಂಬಾಗಿಲು ಇಟ್ಟುಬಿಟ್ಟ. 2024ರ ಮಾರ್ಚ್ 29ರಂದು ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್, ಲಾಗಿನ್ ಸುಮಾರು ಅರ್ಧ ಸೆಕೆಂಡು ತಡವಾಗುತ್ತಿದೆ ಎಂಬ ಸಣ್ಣ ಅನುಮಾನದ ಬೆನ್ನು ಹತ್ತಿ ಅದನ್ನು ಬಯಲು ಮಾಡದಿದ್ದರೆ ಏನಾಗುತ್ತಿತ್ತೋ. ಬಳಲಿದ ಮೇಂಟೇನರಿಗೆ ಗದರುವುದು ಮಾಮೂಲಾದ ಲೋಕದಲ್ಲಿ ಕಳ್ಳನ ಗದರಿಕೆ ಯಾವುದು, ಗ್ರಾಹಕನ ಗದರಿಕೆ ಯಾವುದು ಎಂದು ಗೊತ್ತಾಗುವುದಿಲ್ಲ. ನಾವು ಕಳಿಸುವ ಪ್ರತಿ ಸಿಟ್ಟಿನ ಪತ್ರ ಅವನಿಗೆ ಮರೆ.

ಬಡ ಲ್ಯಾಬಿನ ಪ್ರಶ್ನೆ

ನನ್ನ ವಾದಕ್ಕೆ ಒಂದು ಗಟ್ಟಿ ಆಕ್ಷೇಪವಿದೆ, ಅದನ್ನು ತಳ್ಳಿಹಾಕಲು ಮನಸ್ಸು ಒಪ್ಪುವುದಿಲ್ಲ. ತಾಲ್ಲೂಕು ಕಾಲೇಜೊಂದರ ಕಂಪ್ಯೂಟರ್ ಲ್ಯಾಬ್ ನೆನೆಯಿರಿ. ಯಂತ್ರಗಳು ಹಳೆಯವು, ಅವುಗಳಲ್ಲಿ ವಿಂಡೋಸ್ 7. ಅದರಲ್ಲಿ ಓಡುವ ಕೊನೆಯ ಪೈಥಾನ್ 3.8, 3.9ಕ್ಕೆ ವಿಂಡೋಸ್ 8.1 ಆದರೂ ಬೇಕು. 3.8ರ ಆಯುಷ್ಯ 2024ರ ಅಕ್ಟೋಬರಿಗೆ ಮುಗಿಯಿತು. ಅಂಥ ಲ್ಯಾಬಿನ ಮೇಷ್ಟ್ರಿಗೆ 'ಹಣ ಕೊಡಿ, ಇಲ್ಲವೇ ದುಡಿಯಿರಿ' ಎನ್ನಲು ನಾಲಿಗೆ ಏಳುತ್ತದೆಯೇ?

ಏಳುವುದಿಲ್ಲ. ಅವರಿಗೆ ಹಾಗೆ ಹೇಳುವ ಅಗತ್ಯವೂ ಇಲ್ಲ. ಬೆಂಬಲ ನಿಲ್ಲಿಸಿದ ಮಾತ್ರಕ್ಕೆ ಕೊಟ್ಟದ್ದನ್ನು ಯಾರೂ ಕಿತ್ತುಕೊಳ್ಳುವುದಿಲ್ಲ. ನಮ್ಮ ಹಳೆಯ ಬಿಡುಗಡೆಗಳೆಲ್ಲ ಇದ್ದಲ್ಲೇ ಇವೆ. ಪ್ರತಿ ಬಿಡುಗಡೆಯ ಮೇಲೂ ಇದಕ್ಕೆ ಇಂಥ ಪೈಥಾನ್ ಬೇಕು ಎಂಬ ಚೀಟಿ ಅಂಟಿಸಿರುತ್ತೇವೆ. 2016ರಲ್ಲಿ ಬಂದ ಪಿಪ್ 9 ಆ ಚೀಟಿಯನ್ನು ಓದಲು ಕಲಿಯಿತು. 2017ರ ಏಪ್ರಿಲಿನಲ್ಲಿ ಐಪೈಥಾನ್ 6.0 ಪೈಥಾನ್ 2ನ್ನು ಬಿಟ್ಟಾಗ, ಹೊಸ ಪಿಪ್ ಇದ್ದ ಪೈಥಾನ್ 2 ಬಳಕೆದಾರರಿಗೆ ತಾನಾಗಿಯೇ 5ರ ಸಾಲಿನ ಬಿಡುಗಡೆ ಸಿಕ್ಕಿತು. ಲ್ಯಾಬಿನ 3.8ಕ್ಕೂ ಹಾಗೆಯೇ ತನಗೆ ಹೊಂದುವ ಕೊನೆಯ ಬಿಡುಗಡೆ ಸಿಗುತ್ತದೆ. ಪಾಠ ನಡೆಯುತ್ತದೆ. ಹೊಸ ಸೌಲಭ್ಯ, ಹೊಸ ತಿದ್ದುಪಡಿ ಸಿಗುವುದಿಲ್ಲ ಎಂಬುದು ನಿಜ, ಅದು ನಷ್ಟವೇ. ಆದರೆ ಭಾಷೆಗೂ ಆಪರೇಟಿಂಗ್ ಸಿಸ್ಟಂಗೂ ಭದ್ರತೆ ನಿಂತುಹೋದ ಯಂತ್ರದಲ್ಲಿ ನನ್ನ ಲೈಬ್ರರಿಯೊಂದೇ ಹೊಚ್ಚ ಹೊಸದಾಗಿದ್ದು ಏನು ಬಂತು? ಅಲ್ಲಿ ಬೇಕಾದದ್ದು ಅದೇ ಯಂತ್ರಕ್ಕೆ ಹಗುರವಾದ ಲಿನಕ್ಸ್ ಹಾಕಿಕೊಡುವ ಎರಡು ಕೈಗಳು. ಆ ಕೈ ನೀಡಲು ನಾನು ತಯಾರು, ಊರಿಗೆ ಹೋದಾಗ ಒಂದೆರಡು ಕಡೆ ನೀಡಿದ್ದೇನೆ ಕೂಡ.

ಇನ್ನೊಂದು ಮಾತು. ಇಷ್ಟು ವರ್ಷಗಳಲ್ಲಿ ಅಂಥ ಮೇಷ್ಟ್ರೊಬ್ಬರಿಂದ ನಮಗೆ ಒಂದೂ ಸಿಟ್ಟಿನ ಪತ್ರ ಬಂದಿಲ್ಲ. ಬಂದದ್ದೆಲ್ಲ ಗಾಜಿನ ಕಟ್ಟಡಗಳಿಂದ. ಬಡ ಲ್ಯಾಬಿನ ಹೆಸರು ಹೇಳಿ ತಮ್ಮ ಸೋಮಾರಿತನವನ್ನು ಸಮರ್ಥಿಸಿಕೊಳ್ಳುವವರನ್ನು ಕಂಡರೆ ನನಗೆ ರೇಗುವುದು ಅದಕ್ಕೇ.

ಮೇಂಟೇನರುಗಳಿಗೂ ಪೆಟ್ಟು ಬೀಳಬೇಕು

ಇಷ್ಟು ಓದಿ ಚಪ್ಪಾಳೆ ತಟ್ಟುತ್ತಿರುವ ಮೇಂಟೇನರ್ ಗೆಳೆಯರೇ, ಸ್ವಲ್ಪ ತಾಳಿ. ನಮ್ಮ ಕಡೆಯ ಪಾಪವೂ ಕಮ್ಮಿಯಿಲ್ಲ.

ಪೈಥಾನ್ 3.10ರಲ್ಲಿ ಮ್ಯಾಚ್ ಎಂಬ ಹೊಸ ವ್ಯಾಕರಣ ಬಂತು. ಚೆನ್ನಾಗಿದೆ. ಆದರೆ ಒಂದೇ ಒಂದು ಕಡೆ ನಾಲ್ಕು ಸಾಲು ಅಂದವಾಗಿ ಕಾಣಲಿ ಎಂದು, ಇನ್ನೂ ಬದುಕಿರುವ ಆವೃತ್ತಿಯನ್ನು ಮಧ್ಯರಾತ್ರಿ ಕೈಬಿಡುವುದು ಹುಡುಗಾಟ. 'ಹೊಸದೇ ಸುರಕ್ಷಿತ' ಎಂಬ ಮಂತ್ರವೂ ಪೂರ್ತಿ ನಿಜವಲ್ಲ. ಎಕ್ಸ್‌ಝಡ್ ಹಿಂಬಾಗಿಲು ಇದ್ದದ್ದು ಹೊಚ್ಚ ಹೊಸ ಆವೃತ್ತಿಗಳಲ್ಲೇ. ನಿಧಾನಕ್ಕೆ ನಡೆಯುವ ಡೆಬಿಯನ್‌ನ ಸ್ಥಿರ ಆವೃತ್ತಿಗೆ ಅದು ತಗಲಲಿಲ್ಲ.

ಸರಿಯಾದ ನಿರ್ಧಾರವೂ ಹೇಗೆ ಏಟಾಗುತ್ತದೆ ಎಂಬುದಕ್ಕೆ ಕ್ರಿಪ್ಟೋಗ್ರಫಿ ಲೈಬ್ರರಿ ಸಾಕ್ಷಿ. 2021ರ ಫೆಬ್ರುವರಿಯಲ್ಲಿ ಅದರ 3.4 ಆವೃತ್ತಿ ರಸ್ಟ್ ಭಾಷೆಯ ಕಂಪೈಲರನ್ನು ಬೇಡತೊಡಗಿತು. ನೆನಪಿನ ಜಾಗವನ್ನು ಎಡವಿ ಬೀಳುವ ಸಿ ಭಾಷೆಯ ಅಪಾಯ ತಪ್ಪಿಸುವುದು ಉದ್ದೇಶ; ಒಪ್ಪತಕ್ಕದ್ದೇ. ಆದರೆ ಆಲ್ಪೈನ್ ಲಿನಕ್ಸಿನ ಮೇಲೆ ತಾವೇ ಕಟ್ಟಿಕೊಳ್ಳುತ್ತಿದ್ದವರ ಬಿಲ್ಡುಗಳು ಒಂದೇ ದಿನ ಮುರಿದವು. ರಸ್ಟ್ ತಲುಪದ ಆಲ್ಫಾ, ಎಂ68ಕೆಯಂಥ ದಶಕಗಳಷ್ಟು ಹಳೆಯ ಯಂತ್ರಗಳ ಅಭಿಮಾನಿಗಳು ಕಿಡಿಕಾರಿದರು. ಆ ಯಂತ್ರಗಳಿಗಾಗಿ ಭದ್ರತಾ ಲೈಬ್ರರಿಯೊಂದು ನಿಲ್ಲಬೇಕಾಗಿರಲಿಲ್ಲ ಎಂಬುದೇ ನನ್ನ ಅಭಿಪ್ರಾಯ. ಆದರೆ 3.3ರಿಂದ 3.4ಕ್ಕೆ ಎಂಬ ಸಂಖ್ಯೆ ನೋಡಿದವರಿಗೆ ಇಷ್ಟು ದೊಡ್ಡ ತಿರುವು ಇದೆ ಎಂದು ಹೇಗೆ ತಿಳಿಯಬೇಕು? ಮುಂದಿನ ಹೊಸ ಸರಣಿಗೆ ಅವರೇ ಸಂಖ್ಯೆಯ ಪದ್ಧತಿ ಬದಲಿಸಿ 35.0.0 ಎಂದು ಹೆಸರಿಟ್ಟರು. ಪಾಠ ಕಲಿತರು ಎನ್ನೋಣ.

ಮೂರನೆಯ ಪಾಪ ಮೇಲ್ಮಿತಿ. 'ನಂಪೈ 2ಕ್ಕಿಂತ ಕೆಳಗಿನದು ಮಾತ್ರ' ಎಂದು, ನಂಪೈ 2 ಹುಟ್ಟುವ ಮೊದಲೇ, ಬರಿಯ ಹೆದರಿಕೆಯಿಂದ ಬರೆದಿಡುವುದು. 2024ರ ಜೂನಿನಲ್ಲಿ ನಂಪೈ 2.0 ನಿಜಕ್ಕೂ ಬಂತು, 2006ರ 1.0 ಆದ ಮೇಲಿನ ಮೊದಲ ದೊಡ್ಡ ಜಿಗಿತ. ಮುರಿಯುವಂಥ ಬದಲಾವಣೆಗಳಿದ್ದವು, ಕೆಲವರಿಗೆ ಮೇಲ್ಮಿತಿ ಬೇಕೇ ಇತ್ತು. ಆದರೆ ಪೈಥಾನಿನಲ್ಲಿ ಒಂದು ಮನೆಯೊಳಗೆ ಒಂದು ಲೈಬ್ರರಿಯ ಒಂದೇ ಆವೃತ್ತಿ ಇರಲು ಸಾಧ್ಯ. ಒಂದು ಲೈಬ್ರರಿ 2ಕ್ಕಿಂತ ಕೆಳಗೆ ಎನ್ನುತ್ತದೆ, ಇನ್ನೊಂದು 2ರ ಮೇಲೆ ಎನ್ನುತ್ತದೆ; ನಡುವೆ ಬಳಕೆದಾರ ಅತ್ತೆ ಸೊಸೆ ಜಗಳದಲ್ಲಿ ಸಿಕ್ಕ ಮಗನಂತೆ ನಿಲ್ಲುತ್ತಾನೆ. ಮುರಿದದ್ದು ಕಣ್ಣಿಗೆ ಕಂಡ ಮೇಲೆ ಮಿತಿ ಹಾಕಿ. ಕನಸಿನಲ್ಲಿ ಮುರಿದದ್ದಕ್ಕೆ ಬೇಡ.

ದಿನಾಂಕ ಬರೆದಿಡಿ

ಹಾಗಾದರೆ ಸರಿಯಾದ ದಾರಿ ಯಾವುದು? ಅದನ್ನು ಕೆಲವರು ನಡೆದೇ ತೋರಿಸಿದ್ದಾರೆ. ಪೈಥಾನ್ 2ಕ್ಕೆ 2020 ಕೊನೆ ಎಂದು ಅದರ ತಂಡ 2014ರಲ್ಲೇ ಸಾರಿತು. ನಂಪೈ ತಂಡ 2017ರಲ್ಲೇ ತನ್ನ ದಿನಾಂಕಗಳನ್ನು ಬರೆದಿಟ್ಟಿತು: 2018ರ ಕೊನೆಯವರೆಗೆ ಎರಡೂ ಪೈಥಾನುಗಳಿಗೆ ಹೊಸ ಸೌಲಭ್ಯ, 2019ರಿಂದ ಹೊಸತೆಲ್ಲ ಪೈಥಾನ್ 3ಕ್ಕೆ ಮಾತ್ರ, ಎರಡನ್ನೂ ಬಲ್ಲ ಕೊನೆಯ ಆವೃತ್ತಿಗೆ 2019ರ ಕೊನೆಯವರೆಗೆ ದೋಷ ತಿದ್ದುಪಡಿ. ಹೇಳಿದಂತೆ ನಡೆದುಕೊಂಡರು. ಆಮೇಲೆ ಇದನ್ನೇ ನಿಯಮ ಮಾಡಿಕೊಂಡರು: ಪೈಥಾನಿನ ಒಂದು ಆವೃತ್ತಿ ಬಂದು 42 ತಿಂಗಳಾಗುವವರೆಗೆ ಬೆಂಬಲ. ಈಗ ವೈಜ್ಞಾನಿಕ ಪೈಥಾನ್ ಯೋಜನೆಗಳ ಸಾಮಾನ್ಯ ಶಿಫಾರಸು ಪೈಥಾನಿಗೆ 3 ವರ್ಷ, ಮುಖ್ಯ ಲೈಬ್ರರಿಗಳಿಗೆ 2 ವರ್ಷ.

3 ವರ್ಷ ಸಾಕೇ, 5 ಬೇಕೇ ಎಂದು ಜಗಳ ಆಡಬಹುದು. ನನ್ನ ಮತ ಹೀಗಿದೆ: ಎಲ್ಲರ ಕೆಳಗೆ ಕೂತಿರುವ, ಸಣ್ಣ, ಹೆಚ್ಚು ಬದಲಾಗದ ಲೈಬ್ರರಿ ಪೈಥಾನ್ ತಂಡದ 5 ವರ್ಷಗಳನ್ನೇ ಅನುಸರಿಸಲಿ. ವೇಗವಾಗಿ ಬೆಳೆಯುವ, ದೊಡ್ಡ ಸಂಸಾರದ ಯೋಜನೆ 3ಕ್ಕೆ ನಿಲ್ಲಿಸಲಿ. ಮೂಲದವರು ಕೈಬಿಟ್ಟ ಮೇಲೆ ಮಾತ್ರ ಯಾರೂ ಒಂದು ದಿನವೂ ಬಿಟ್ಟಿ ಹೊರುವುದು ಬೇಡ. ಎಷ್ಟು ವರ್ಷ ಎಂಬುದಕ್ಕಿಂತ ಮುಖ್ಯ, ಅದು ಮೊದಲೇ ಗೊತ್ತಿರುವುದು. ದಿನಾಂಕ ಗೊತ್ತಿದ್ದರೆ ಬಳಕೆದಾರ ತನ್ನ ಮೂರು ತಿಂಗಳ ಅನುಮತಿಯನ್ನು ಒಂದು ವರ್ಷ ಮೊದಲೇ ಕೇಳಬಹುದು. ಮೇಂಟೇನರ್ ಕ್ಷಮೆ ಕೇಳದೆ ಇಲ್ಲ ಎನ್ನಬಹುದು. ಕೂಗಾಟಕ್ಕೆ ಎರಡೂ ಕಡೆ ಕೆಲಸವಿಲ್ಲ.

ನಾವು ಮೂವರೂ ಆ ಸೋಮವಾರ ಕೂತು ಅರ್ಧ ಪುಟ ಬರೆದೆವು. ಇಂಥ ಪೈಥಾನ್ ಇಂಥ ಅಕ್ಟೋಬರಿನವರೆಗೆ. ಹೇಳಿದ ಅತಿ ಹಳೆಯ ಜೋಡಣೆಯನ್ನೂ ಅತಿ ಹೊಸ ಜೋಡಣೆಯನ್ನೂ ಪ್ರತಿ ಬದಲಾವಣೆಗೆ ಪರೀಕ್ಷಿಸುತ್ತೇವೆ. ಪರೀಕ್ಷಿಸದ್ದನ್ನು ಬೆಂಬಲ ಎನ್ನುವುದಿಲ್ಲ. ಕಾರಣವಿಲ್ಲದೆ ಮೇಲ್ಮಿತಿ ಹಾಕುವುದಿಲ್ಲ. ದಿನಾಂಕ ದಾಟಿದ ಆವೃತ್ತಿ ಬೇಕಾದವರು ಅದನ್ನು ನೋಡಿಕೊಳ್ಳುವ ಒಬ್ಬರನ್ನು ಕೊಡಿ, ಇಲ್ಲವೇ ಅದರ ಖರ್ಚು ಕೊಡಿ. ಪ್ರತ್ಯೇಕ ಶಾಖೆ ತೆರೆದುಕೊಡುತ್ತೇವೆ. ಅದನ್ನೇ ಆ ಎಂಜಿನಿಯರಿಗೂ ಕಳಿಸಿದೆವು. ಉತ್ತರ ಬರಲಿಲ್ಲ. ಒಂದೂವರೆ ತಿಂಗಳ ನಂತರ ಅದೇ ವ್ಯಕ್ತಿಯಿಂದ ಒಂದು ಸಣ್ಣ ದೋಷದ ವರದಿ ಬಂತು, ಸೌಜನ್ಯದಿಂದ ಬರೆದದ್ದು. ಅದರ ಕೊನೆಯ ಸಾಲಿನಲ್ಲಿ ಅವರು ಬಳಸುತ್ತಿದ್ದ ಪೈಥಾನ್ ಆವೃತ್ತಿಯ ವಿವರ ಇತ್ತು: 3.11.

ನಾನು ಹಿಂದೊಮ್ಮೆ ಗದರಿದ್ದ ಆ ಮೇಂಟೇನರಿಗೆ ಅಂದು ಸಂಜೆ ಒಂದು ಕ್ಷಮಾಪಣೆಯ ಪತ್ರ ಬರೆದೆ. ನಿಮ್ಮಲ್ಲೂ ಯಾರಾದರೂ ಅಂಥ ಪತ್ರ ಬಾಕಿ ಇಟ್ಟುಕೊಂಡಿದ್ದರೆ ಈ ವಾರಾಂತ್ಯ ಒಳ್ಳೆಯ ಸಮಯ. ಅದಾದ ಮೇಲೆ ಸೋಮವಾರ ನಿಮ್ಮ ಮ್ಯಾನೇಜರಿಗೆ ಬರೆಯಬೇಕಾದ ಪತ್ರ ಇದ್ದೇ ಇದೆ.